ಶರತ್ಕಾಲದ ಹಳೆಯ ನಗರ: ಕೊಯಮತ್ತೂರು ಮತ್ತು ಪ್ರವಾಸಕಥನದ ಪಾಠ

ಗದ್ಯಪ್ರಕಾರಗಳ ಪಾಠದಲ್ಲಿ ಪ್ರವಾಸಕಥನಕ್ಕೆ ಸಾಮಾನ್ಯವಾಗಿ ಕೊನೆಯ ಸ್ಥಾನ. ಕಾದಂಬರಿ, ಸಣ್ಣಕಥೆ, ಪ್ರಬಂಧ, ಆತ್ಮಕಥೆಗಳೆಲ್ಲ ಮುಗಿದ ಮೇಲೆ ಉಳಿದ ಅವಧಿಯಲ್ಲಿ ಅದನ್ನು ಮುಗಿಸುವುದು ವಾಡಿಕೆ. ಆ ಅಲ್ಪಾವಧಿಯಲ್ಲಿ ವಿದ್ಯಾರ್ಥಿಗಳ ಕಣ್ಣಮುಂದೆ ನಿಲ್ಲುವ ಚಿತ್ರವೂ ಹೆಚ್ಚುಕಡಿಮೆ ಒಂದೇ: ಕನ್ನಡದ ಲೇಖಕರೊಬ್ಬರು ಹಡಗನ್ನೋ ವಿಮಾನವನ್ನೋ ಏರಿ ಯೂರೋಪಿನ ಪುರಾತನ ನಗರವೊಂದಕ್ಕೆ ಹೋಗುತ್ತಾರೆ, ಅಲ್ಲಿಯ ಕಲ್ಲುಹಾಸಿನ ಬೀದಿ, ಚರ್ಚಿನ ಗೋಪುರ, ನದಿಯ ಸೇತುವೆಗಳನ್ನು ಕಂಡು ಬೆರಗಾಗುತ್ತಾರೆ, ಮರಳಿ ಬಂದು ಪುಸ್ತಕ ಬರೆಯುತ್ತಾರೆ. ಆಕ್ಸ್‌ಫರ್ಡಿನಲ್ಲಿ ವ್ಯಾಸಂಗ ಮಾಡಿ ಬಂದ ವಿ.ಕೃ. ಗೋಕಾಕರ ‘ಸಮುದ್ರದಾಚೆಯಿಂದ’, ಯೂರೋಪನ್ನು ಸುತ್ತಿ ಬಂದ ಶಿವರಾಮ ಕಾರಂತರ ‘ಅಪೂರ್ವ ಪಶ್ಚಿಮ’ ಈ ಪರಂಪರೆಯ ಪರಿಚಿತ ಹೆಸರುಗಳು. ಮರಾಠಿಯಲ್ಲಿ ಪು.ಲ. ದೇಶಪಾಂಡೆಯವರು ತಮ್ಮ ಯೂರೋಪ್ ಪ್ರವಾಸದ ಪುಸ್ತಕಕ್ಕೆ 1960ರಲ್ಲಿ ಇಟ್ಟ ಹೆಸರು ‘ಅಪೂರ್ವಾಈ’. ಎರಡು ನೆರೆಭಾಷೆಗಳ ಇಬ್ಬರು ದೊಡ್ಡ ಲೇಖಕರು ಪಶ್ಚಿಮವನ್ನು ಕುರಿತು ಬರೆಯುವಾಗ ‘ಅಪೂರ್ವ’ ಎಂಬ ಒಂದೇ ಪದವನ್ನು ಆರಿಸಿಕೊಂಡರೆಂಬುದು ಗಮನಿಸತಕ್ಕ ಸಂಗತಿ. ಹಿಂದೆ ಕಾಣದ್ದು ಅಪೂರ್ವ. ಆದರೆ ಹಿಂದೆ ಕಾಣದ್ದು ಯಾವಾಗಲೂ ದೂರದಲ್ಲಿಯೇ ಇರುತ್ತದೆಯೇ ಎಂಬುದು ಈ ಪಾಠದ ಮೊದಲ ಪ್ರಶ್ನೆ.

ಈ ಪ್ರಶ್ನೆಗೆ ಉತ್ತರ ಹುಡುಕಲು ಇಲ್ಲಿ ಆರಿಸಿಕೊಂಡಿರುವ ನಗರ ಕೊಯಮತ್ತೂರು. ಅದರೊಡನೆ ಪಕ್ಕದ ತಿರುಪ್ಪೂರು ಸೀಮೆ. ಕಾಲ ಶರದೃತುವಿನ ಆರಂಭ. ಬೆಂಗಳೂರಿನಿಂದಾಗಲಿ ಮೈಸೂರಿನಿಂದಾಗಲಿ ಒಂದು ದಿನದ ಪಯಣದಷ್ಟೂ ದೂರವಿಲ್ಲದ ಈ ನಗರ ಕನ್ನಡ ವಿದ್ಯಾರ್ಥಿಯ ಓದಿನ ಭೂಪಟದಲ್ಲಿ ಬಹುಮಟ್ಟಿಗೆ ಕಾಣಸಿಗುವುದಿಲ್ಲ.

1. ‘ಶರತ್ತು’ ಎಂಬ ಪದ

ಋತುವಿನಿಂದಲೇ ಆರಂಭಿಸೋಣ. ಆಶ್ವಯುಜ, ಕಾರ್ತಿಕ ಮಾಸಗಳು ಶರದೃತು. ಮಳೆಗಾಲ ಮುಗಿದು ಆಕಾಶ ತಿಳಿಯಾಗುವುದು, ಕೆಸರು ಆರಿ ದಾರಿಗಳು ನಡೆಯಲು ಯೋಗ್ಯವಾಗುವುದು, ಕೆರೆಗಳಲ್ಲಿ ತಾವರೆ ಅರಳುವುದು, ಬೆಳುದಿಂಗಳು ಹೊಳೆಯುವುದು ಸಂಸ್ಕೃತ ಕಾವ್ಯಗಳಿಂದ ಹಳಗನ್ನಡ ಚಂಪೂಗಳಿಗೆ ಇಳಿದುಬಂದ ಶರದ್ವರ್ಣನೆಯ ಸಾಮಗ್ರಿ. ಮಹಾಕಾವ್ಯದ ಹದಿನೆಂಟು ವರ್ಣನೆಗಳಲ್ಲಿ ಪುರವರ್ಣನೆಯೂ ಋತುವರ್ಣನೆಯೂ ಸೇರಿವೆ. ಕಾಳಿದಾಸನ ರಘು ದಿಗ್ವಿಜಯಕ್ಕೆ ಹೊರಡುವುದು ಶರತ್ತಿನಲ್ಲಿ. ರಾಮಾಯಣದಲ್ಲಿ ಸೀತೆಯನ್ನು ಹುಡುಕುವ ಕೆಲಸ ಮಳೆಗಾಲ ಕಳೆದು ಶರತ್ತು ಬರುವ ತನಕ ಕಾಯುತ್ತದೆ. ಭಾರತೀಯ ಕಾವ್ಯದಲ್ಲಿ ಶರತ್ತು ಹೊರಡುವವರ ಋತು.

ಯೂರೋಪಿನ ಋತುವಿಗೂ ಕನ್ನಡ ಲೇಖಕರು ಇದೇ ಪದವನ್ನು ಬಳಸುತ್ತಾರೆ. ಸೆಪ್ಟೆಂಬರ್ ಕೊನೆಯ ವಾರದಲ್ಲಿ ಹಗಲೂ ಇರುಳೂ ಸಮನಾಗುವ ದಿನದಿಂದ ಅಲ್ಲಿ ಆ ಋತು ಮೊದಲಾಗುತ್ತದೆ. ಎಲೆಗಳು ಹಳದಿಗೆ, ಕೆಂಪಿಗೆ ತಿರುಗಿ ಉದುರುತ್ತವೆ, ಹಗಲು ಕುಗ್ಗುತ್ತದೆ, ಪ್ರಾಚೀನ ವಿಶ್ವವಿದ್ಯಾಲಯಗಳಲ್ಲಿ ಹೊಸ ವರ್ಷದ ಪಾಠಗಳು ಆರಂಭವಾಗುತ್ತವೆ. ನಮ್ಮ ಗಣನೆಯಲ್ಲಿ ಎಲೆಯುದುರುವ ಕಾಲ ಶಿಶಿರ, ಅಂದರೆ ಮಾಘ-ಫಾಲ್ಗುಣ. ಆದ್ದರಿಂದ ಯೂರೋಪಿನ ನಗರವೊಂದರಲ್ಲಿ ಅಕ್ಟೋಬರ್ ಕಳೆದ ಕನ್ನಡಿಗನು ‘ಶರತ್ಕಾಲದ ಎಲೆಗಳು ಉದುರುತ್ತಿದ್ದವು’ ಎಂದು ಬರೆದರೆ, ಪದ ಶರತ್ತಿನದು, ಕಂಡ ನೋಟ ಶಿಶಿರದ್ದು. ಓದುಗನ ಮನಸ್ಸು ಆ ಎರಡರ ನಡುವೆ ತೂಗಾಡುತ್ತದೆ.

ಕೊಯಮತ್ತೂರಿನಲ್ಲಿ ಮೂರನೆಯ ಬಗೆಯ ಶರತ್ತು ಎದುರಾಗುತ್ತದೆ. ಈ ನಗರ ಪಶ್ಚಿಮಘಟ್ಟದ ಮಳೆನೆರಳಿನಲ್ಲಿದೆ. ಜೂನ್‌ನಿಂದ ಆಗಸ್ಟ್‌ವರೆಗೆ ಪಾಲಕ್ಕಾಡಿನ ಕಣಿವೆಯಿಂದ ನುಗ್ಗುವ ಗಾಳಿ ತಂಪನ್ನು ತರುತ್ತದೆ. ಹೆಚ್ಚು ಮಳೆಯನ್ನು ತರುವುದಿಲ್ಲ. ಇಲ್ಲಿಯ ಮುಖ್ಯ ಮಳೆ ಈಶಾನ್ಯ ಮಾರುತದ್ದು. ಅದು ಬರುವುದು ಅಕ್ಟೋಬರ್, ನವೆಂಬರ್ ತಿಂಗಳುಗಳಲ್ಲಿ. ಕಾವ್ಯದ ಪ್ರಕಾರ ಮೋಡ ಕರಗಿ ಹೋಗಬೇಕಾದ ಹೊತ್ತಿನಲ್ಲಿ ಇಲ್ಲಿ ಮೋಡ ಕಟ್ಟತೊಡಗುತ್ತದೆ. ತಮಿಳಿನ ಪುರಟ್ಟಾಸಿ ತಿಂಗಳು ಕಳೆದು ಐಪ್ಪಸಿ ಬಂದಾಗ ಕೆರೆಗಳಿಗೆ ನೀರು ಬರುವುದನ್ನು ಊರು ಎದುರುನೋಡುತ್ತದೆ. ಕವಿಸಮಯವನ್ನು ಬಾಯಿಪಾಠ ಮಾಡಿಕೊಂಡು ಬಂದ ಪ್ರವಾಸಿಗೆ ನಗರ ಕೊಡುವ ಮೊದಲ ತಿದ್ದುಪಡಿ ಇದು. ಪ್ರವಾಸಕಥನಕಾರನು ಪರಂಪರೆಯಿಂದ ಪಡೆದ ಪದವನ್ನು ಕಂಡ ಲೋಕದೊಡನೆ ತಾಳೆ ನೋಡಬೇಕು. ತಾಳೆಯಾಗದಿದ್ದರೆ ಕಂಡದ್ದನ್ನೇ ಬರೆಯಬೇಕು.

2. ಯೂರೋಪಿನಿಂದ ಬಂದ ಕಣ್ಣು

ಯೂರೋಪಿನ ನಗರಕ್ಕೆ ಕನ್ನಡಿಗ ಹೋದ ಕಥೆ ಪರಿಚಿತ. ಶರತ್ತಿನಲ್ಲಿ ಯೂರೋಪಿನವನೊಬ್ಬ ಈ ಸೀಮೆಗೆ ಬಂದ ಕಥೆ ಅಷ್ಟು ಪರಿಚಿತವಲ್ಲ. ಸ್ಕಾಟ್ಲೆಂಡಿನವನಾದ ಫ್ರಾನ್ಸಿಸ್ ಬುಕಾನನ್ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ. 1799ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣ ಬಿದ್ದಿತು. ಟಿಪ್ಪುವಿನಿಂದ ಕೈವಶವಾದ ನಾಡುಗಳ ಬೆಳೆ, ಕಸುಬು, ಕಂದಾಯ, ಜನಜೀವನಗಳನ್ನು ತಿಳಿದು ವರದಿ ಮಾಡುವಂತೆ ಗವರ್ನರ್ ಜನರಲ್ ವೆಲ್ಲೆಸ್ಲಿ ಅವನನ್ನು ನೇಮಿಸಿದ. 1800ರ ಏಪ್ರಿಲ್‌ನಲ್ಲಿ ಮದರಾಸಿನಿಂದ ಹೊರಟ ಬುಕಾನನ್ ಮೈಸೂರು ಸೀಮೆಯನ್ನು ಸುತ್ತಿ, ಅಕ್ಟೋಬರ್-ನವೆಂಬರ್ ಅವಧಿಯಲ್ಲಿ ಕೊಯಮತ್ತೂರು ಸೀಮೆಯಲ್ಲಿ ಸಂಚರಿಸಿ, ಪಾಲಕ್ಕಾಡಿನ ದಾರಿಯಾಗಿ ಮಲಬಾರಿಗೆ ಇಳಿದ. ಅವನ ಪ್ರವಾಸಕಥನ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು.

ಬುಕಾನನ್ ನಿಸರ್ಗದ ಸೊಬಗನ್ನು ಕುರಿತು ಹೆಚ್ಚು ಬರೆಯುವವನಲ್ಲ. ಹೊಲದ ಮಣ್ಣಿನ ಬಣ್ಣ, ನೀರಾವರಿಯ ಬಗೆ, ಬಿತ್ತನೆಯ ಕಾಲ, ನೇಕಾರನ ಕೂಲಿ, ಕಬ್ಬಿಣ ಕರಗಿಸುವ ಕುಲುಮೆ, ಜಾತಿಗಳ ಮದುವೆ-ಸಾವಿನ ಪದ್ಧತಿ: ಇವೇ ಅವನ ಪುಟಗಳನ್ನು ತುಂಬಿವೆ. ದುಭಾಷಿಗಳ ಮೂಲಕ ಕೇಳಿದ್ದನ್ನು ದಿನದಿನವೂ ಬರೆದಿಟ್ಟ. ಪೇರೂರಿನ ದೇವಾಲಯಕ್ಕೂ ಹೋಗಿ ನೋಡಿದ. ಇಷ್ಟು ಸೂಕ್ಷ್ಮವಾಗಿ ನೋಡಿದವನ ಶ್ರಮವನ್ನು ಮೆಚ್ಚಲೇಬೇಕು. ಆದರೆ ಆ ನೋಟದ ಹಿಂದೆ ಒಂದು ಉದ್ದೇಶವಿತ್ತು: ಈ ನಾಡಿನಿಂದ ಕಂಪನಿಗೆ ಏನು ದೊರೆಯಬಹುದೆಂಬುದನ್ನು ತಿಳಿಯುವುದು. ಹಾಗಾಗಿ ಮಗ್ಗಗಳ ಲೆಕ್ಕಕ್ಕೆ ದೊರೆತ ಪ್ರಾಧಾನ್ಯ ಮಗ್ಗದವರ ಹಾಡಿಗೆ ದೊರೆಯಲಿಲ್ಲ.

ಇಲ್ಲಿ ವಿದ್ಯಾರ್ಥಿಗಳು ಒಂದು ಸೂತ್ರವನ್ನು ಬರೆದುಕೊಳ್ಳಬಹುದು: ಪ್ರವಾಸಿಯ ಉದ್ದೇಶವೇ ಅವನ ನೋಟದ ಎಲ್ಲೆ. ಹಂಪೆಗೆ ಹೋದ ವಿ. ಸೀತಾರಾಮಯ್ಯನವರ ‘ಪಂಪಾಯಾತ್ರೆ’ಯಲ್ಲಿ ಹೆಸರೇ ಯಾತ್ರೆ. ದಕ್ಷಿಣೆ ಸಂಪಾದಿಸಲು 1857ರಲ್ಲಿ ಕೊಂಕಣದ ವರಸಯಿಯಿಂದ ಉತ್ತರಕ್ಕೆ ಹೊರಟ ವಿಷ್ಣುಭಟ್ಟ ಗೋಡಸೆ ಝಾನ್ಸಿಯ ಯುದ್ಧದ ನಡುವೆ ಸಿಕ್ಕಿಕೊಂಡ. ಅವನ ಮರಾಠಿ ಕೃತಿ ‘ಮಾಝಾ ಪ್ರವಾಸ’ 1907ರಲ್ಲಿ ಅಚ್ಚಾಯಿತು. ಯಾತ್ರೆ, ಜೀವನೋಪಾಯ, ಸರಕಾರಿ ಸಮೀಕ್ಷೆ, ವ್ಯಾಸಂಗ: ಹೊರಟ ಕಾರಣ ಬೇರೆಯಾದಂತೆ ಕಂಡ ಊರೂ ಬೇರೆಯಾಗುತ್ತದೆ.

3. ನಗರದ ಪದರಗಳು

ಕೊಯಮತ್ತೂರನ್ನು ‘ದಕ್ಷಿಣದ ಮ್ಯಾಂಚೆಸ್ಟರ್’ ಎಂದು ಕರೆಯುವುದುಂಟು. ಇದು ಕೂಡ ಯೂರೋಪಿನ ನಗರವೊಂದರ ಕನ್ನಡಿಯಲ್ಲಿ ನಮ್ಮ ನಗರವನ್ನು ನೋಡುವ ರೂಢಿ. ರಾಬರ್ಟ್ ಸ್ಟೇನ್ಸ್ ಮತ್ತು ಸಂಗಡಿಗರು 1888ರಲ್ಲಿ ಇಲ್ಲಿ ನೂಲುವ-ನೇಯುವ ಗಿರಣಿಯನ್ನು ತೆರೆದರು. ಪೈಕಾರಾ ಜಲವಿದ್ಯುತ್ತು 1930ರ ದಶಕದಲ್ಲಿ ಲಭ್ಯವಾದ ಮೇಲೆ ಗಿರಣಿಗಳು ಹೆಚ್ಚಿದವು. ಬಿರುದು ಆ ಕಾಲದ್ದು. ಗಿರಣಿ ಬರುವ ಮೊದಲೇ, ಹಳೆಯ ಪೇಟೆಬೀದಿಗಳಲ್ಲಿಯೂ ಸುತ್ತಲಿನ ಊರುಗಳಲ್ಲಿಯೂ ಕೈಮಗ್ಗ ನಡೆಸುತ್ತಿದ್ದ ನೇಕಾರರ ಕಾಲವನ್ನು ಅದು ಮರೆಸುತ್ತದೆ. ಆ ನೇಕಾರರಲ್ಲಿ ಒಂದು ಪಂಗಡದ ಮನೆಮಾತು ಕನ್ನಡವೆಂಬುದು ಈ ಪಾಠಕ್ಕೆ ಮುಖ್ಯವಾದ ಸಂಗತಿ.

ಹಳೆಯ ನಗರವನ್ನು ಕಾಣಬೇಕಾದರೆ ನೊಯ್ಯಲ್ ನದಿಯಿಂದ ಆರಂಭಿಸಬೇಕು. ವೆಳ್ಳಿಯಂಗಿರಿ ಬೆಟ್ಟಗಳಲ್ಲಿ ಹುಟ್ಟಿ, ಪೇರೂರಿನ ಬಳಿ ಹರಿದು, ಕೊಯಮತ್ತೂರು, ತಿರುಪ್ಪೂರುಗಳನ್ನು ದಾಟಿ, ಕರೂರು ಜಿಲ್ಲೆಯಲ್ಲಿ ಕಾವೇರಿಯನ್ನು ಸೇರುವ ಹೊಳೆ ಅದು. ಉಕ್ಕಡದ ಪೆರಿಯಕುಳಂ, ವಾಲಾಂಕುಳಂ, ಕುರಿಚ್ಚಿ, ಸಿಂಗಾನಲ್ಲೂರು ಮೊದಲಾದ ಕೆರೆಗಳು ಈ ಹೊಳೆಯ ನೀರನ್ನೇ ನೆಚ್ಚಿದವು. ನದಿಯ ದಂಡೆಯ ವೆಳ್ಳಲೂರಿನಲ್ಲಿ 1842ರಲ್ಲಿ ರೋಮನ್ ಬೆಳ್ಳಿನಾಣ್ಯಗಳ ನಿಧಿ ದೊರೆಯಿತು. ಅಗಸ್ಟಸ್, ಟೈಬೀರಿಯಸ್ ಚಕ್ರವರ್ತಿಗಳ ಮುದ್ರೆಯ ನಾಣ್ಯಗಳವು. ಪಶ್ಚಿಮ ಕರಾವಳಿಯ ಬಂದರುಗಳಿಂದ ಪಾಲಕ್ಕಾಡಿನ ಕಣಿವೆಯ ಮೂಲಕ ಪೂರ್ವಕ್ಕೆ ಸಾಗುವ ವ್ಯಾಪಾರದ ದಾರಿ ಕೊಂಗುನಾಡನ್ನು ಹಾದುಹೋಗುತ್ತಿತ್ತು. ತಿರುಪ್ಪೂರು ಜಿಲ್ಲೆಯ ಪಡಿಯೂರಿನಲ್ಲಿ ಹಸಿರುನೀಲಿ ರತ್ನಶಿಲೆ ಸಿಗುತ್ತಿತ್ತು. ಹೀಗೆ ರೋಮ್ ನಗರವನ್ನು ಕಂಡರಿಯದ ಊರಿನಲ್ಲಿ ರೋಮಿನ ಹಣ ಮಣ್ಣಿನೊಳಗೆ ಉಳಿದಿತ್ತು.

ಕೋಣಿಯಮ್ಮನ ಗುಡಿ, ಪೇರೂರಿನ ಪಟ್ಟೀಶ್ವರ ದೇವಾಲಯ, ಕೋಟ್ಟೈಮೇಡು, ಒಪ್ಪಣಕಾರ ಬೀದಿ, ರಾಜವೀದಿ, 1892ರ ವಿಕ್ಟೋರಿಯಾ ಪುರಭವನ: ಇವೆಲ್ಲ ಬೇರೆ ಬೇರೆ ಕಾಲಗಳು ಒಂದರ ಪಕ್ಕದಲ್ಲಿ ಒಂದು ನಿಂತ ಗುರುತುಗಳು. ಯೂರೋಪಿನ ಹಳೆಯ ನಗರಗಳಲ್ಲಿ ಪುರಾತನ ಭಾಗವನ್ನು ಗೋಡೆಯೊಳಗೆ ಕಾಪಾಡಿ ತೋರಿಸುವುದುಂಟು. ಇಲ್ಲಿ ಕೋಟೆ ಉಳಿದಿಲ್ಲ. ಕೋಟೆಯ ದಿಣ್ಣೆ ಎಂಬ ಅರ್ಥದ ಹೆಸರು ಉಳಿದಿದೆ. ಗೋಡೆ ಬಿದ್ದ ಊರಿನಲ್ಲಿ ಹೆಸರೇ ಶಾಸನ. ಆದ್ದರಿಂದ ಇಲ್ಲಿ ಭಾಷೆ ಬಲ್ಲ ಪ್ರವಾಸಿಗೆ ಕೆಲಸ ಹೆಚ್ಚು.

4. ಊರ ಹೆಸರುಗಳ ವ್ಯಾಕರಣ

ಭಾಷಾಶಾಸ್ತ್ರದ ತರಗತಿಯಲ್ಲಿ ಓದಿದ ಧ್ವನಿನಿಯಮಗಳು ಈ ಬೀದಿಗಳಲ್ಲಿ ಫಲಕಗಳ ಮೇಲೆ ಕಾಣಿಸುತ್ತವೆ. ಹಳಗನ್ನಡದ ಪದಾದಿ ಪಕಾರ ಹೊಸಗನ್ನಡದಲ್ಲಿ ಹಕಾರವಾಯಿತು. ತಮಿಳಿನಲ್ಲಿ ಪಕಾರವೇ ನಿಂತಿತು. ತಮಿಳಿನ ಪಾಲ್, ಪುಲಿ, ಪಳ್ಳಿಗಳಿಗೆ ಕನ್ನಡದಲ್ಲಿ ಹಾಲು, ಹುಲಿ, ಹಳ್ಳಿ. ಪೇರೂರು ಎಂಬುದು ಪೇರ್ ಮತ್ತು ಊರು ಕೂಡಿದ ಪದ. ದೊಡ್ಡ ಊರು ಎಂದರ್ಥ. ಹೆದ್ದಾರಿ, ಹೆಬ್ಬಾವು, ಹೆಮ್ಮರಗಳಲ್ಲಿ ಇರುವುದು ಇದೇ ‘ಪೆರ್’. ಕನ್ನಡನಾಡಿನ ಹೇರೂರುಗಳನ್ನು ಬಲ್ಲವರಿಗೆ ಪೇರೂರು ಅಪರಿಚಿತವಲ್ಲ.

ಕೊಯಮತ್ತೂರಿನ ಹೆಸರನ್ನು ಸ್ಥಳೀಯ ಐತಿಹ್ಯ ಕೋವನ್ ಎಂಬ ನಾಯಕನೊಡನೆ ಜೋಡಿಸಿ ‘ಕೋವನ್ ಪುತ್ತೂರು’ ಎಂದು ವಿವರಿಸುತ್ತದೆ. ಐತಿಹ್ಯವನ್ನು ಇತಿಹಾಸವೆಂದು ಒಪ್ಪಬೇಕಾಗಿಲ್ಲ. ಆದರೆ ಪುತ್ತೂರು ಎಂದರೆ ಹೊಸ ಊರು ಎಂಬುದು ಸ್ಪಷ್ಟ. ಕನ್ನಡದ ಹೊಸೂರು ಅದೇ ಅರ್ಥದ ಹೆಸರು. ಹಳೆಯ ನಗರವೆಂದು ನಾವು ನೋಡಲು ಹೋಗುವ ಊರು ತನ್ನ ಹೆಸರಿನಲ್ಲಿ ತಾನು ಹೊಸದೆಂದು ಹೇಳಿಕೊಳ್ಳುತ್ತದೆ. ತಮಿಳಿನ ವಕಾರಕ್ಕೆ ಕನ್ನಡದ ಬಕಾರ ಬರುವುದನ್ನು ವೇರ್-ಬೇರು, ವಾಯ್-ಬಾಯಿ ಜೋಡಿಗಳಲ್ಲಿ ಓದಿದ್ದೇವೆ. ಸಂಸ್ಕೃತದ ‘ವೀಥಿ’ ತಮಿಳಿನಲ್ಲಿ ವೀದಿಯಾಗಿ, ಕನ್ನಡದಲ್ಲಿ ಬೀದಿಯಾಗಿ ನಿಂತಿತು. ಹಾಗಾಗಿ ರಾಜವೀದಿ ನಮ್ಮ ರಾಜಬೀದಿಯೇ. ಮೇಟ್ಟುಪಾಳಯಂ, ಗೋಬಿಚೆಟ್ಟಿಪಾಳಯಂಗಳ ಕೊನೆಯಲ್ಲಿರುವುದು ಬೆಂಗಳೂರಿನ ಬಡಾವಣೆಗಳ ಹೆಸರಿನ ಪಾಳ್ಯ. ದಂಡು ಬೀಡುಬಿಟ್ಟ ಜಾಗ.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಸಮಾನಮೂಲದ ಪದ ಕಂಡಲ್ಲೆಲ್ಲ ‘ಇದು ಕನ್ನಡ’ ಎಂದು ಮುದ್ರೆಯೊತ್ತುವುದು ಪಾಂಡಿತ್ಯವಲ್ಲ. ಪೇರೂರು ಕನ್ನಡದಿಂದ ತಮಿಳಿಗೆ ಹೋಗಿಲ್ಲ, ತಮಿಳಿನಿಂದ ಕನ್ನಡಕ್ಕೂ ಬಂದಿಲ್ಲ. ಎರಡೂ ಒಂದೇ ಬೇರಿನ ಕೊಂಬೆಗಳು. ಕೊಯಮತ್ತೂರಿನ ಸಗಟು ವ್ಯಾಪಾರದ ರಂಗೈ ಗೌಡರ್ ಬೀದಿಯ ಹೆಸರನ್ನು ಓದಿದ ಕನ್ನಡಿಗನಿಗೆ ಸಹಜವಾಗಿ ಆನಂದವಾಗಬಹುದು. ಆದರೆ ‘ಗೌಡರ್’ ಎಂಬ ಉಪನಾಮವೊಂದರಿಂದಲೇ ಮನೆಮಾತನ್ನು ನಿರ್ಣಯಿಸಲಾಗದು. ಸಿಂಗಾನಲ್ಲೂರಿನ ನಿದರ್ಶನ ಇನ್ನೂ ಬೋಧಪ್ರದ. ಡಾ. ರಾಜ್‌ಕುಮಾರ್ ಅವರ ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರ ಹೆಸರಿನೊಡನೆ ಇರುವ ಊರು ಕೊಳ್ಳೇಗಾಲ ಸೀಮೆಯದು. ಕೊಯಮತ್ತೂರಿನ ಕೆರೆಯ ಪಕ್ಕದ ಸಿಂಗಾನಲ್ಲೂರು ಬೇರೆ. ಹೆಸರು ಪ್ರಶ್ನೆಯನ್ನು ಎತ್ತುತ್ತದೆ. ಉತ್ತರಕ್ಕೆ ವಿಚಾರಣೆ ಬೇಕು.

5. ಗೆರೆ ಎಳೆದ ಮೇಲೆ

ಕೊಂಗುನಾಡಿನೊಡನೆ ಕನ್ನಡನಾಡಿನ ಸಂಬಂಧ ಹೊಸದಲ್ಲ. ಹೊಯ್ಸಳ ವಿಷ್ಣುವರ್ಧನನ ಶಾಸನಗಳ ಬಿರುದಾವಳಿಯಲ್ಲಿ ತಲಕಾಡಿನ ಜೊತೆಯಲ್ಲಿಯೇ ಕೊಂಗು ನಿಲ್ಲುತ್ತದೆ. ಹದಿನೇಳನೆಯ ಶತಮಾನದಲ್ಲಿ ಮೈಸೂರಿನ ಒಡೆಯರು ಈ ಸೀಮೆಯನ್ನು ಗೆದ್ದರು. ಹೈದರ್, ಟಿಪ್ಪು ಕಾಲದವರೆಗೆ ಅದು ಮೈಸೂರಿನ ಆಳ್ವಿಕೆಯಲ್ಲಿತ್ತು. 1791ರಲ್ಲಿ ಕೊಯಮತ್ತೂರು ಕೋಟೆಗಾಗಿ ಟಿಪ್ಪುವಿನ ಸೇನೆಗೂ ಇಂಗ್ಲಿಷರಿಗೂ ಕಟುವಾದ ಹೋರಾಟ ನಡೆಯಿತು.

ಅದಕ್ಕಿಂತ ನಮಗೆ ಹತ್ತಿರದ ಸಂಗತಿ ಇನ್ನೊಂದಿದೆ. ಬ್ರಿಟಿಷರ ಕಾಲದಲ್ಲಿ ಕೊಳ್ಳೇಗಾಲ ತಾಲ್ಲೂಕು ಮದರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. 1956ರ ನವೆಂಬರ್ 1ರಂದು ಅದು ಮೈಸೂರು ರಾಜ್ಯಕ್ಕೆ ಬಂದಿತು. ಜನಪದ ಮಹಾಕಾವ್ಯದ ಪಾಠದಲ್ಲಿ ನಾವು ಓದುವ ಮಲೆ ಮಾದೇಶ್ವರನ ಬೆಟ್ಟ ಅಲ್ಲಿಯವರೆಗೆ ಆಡಳಿತದ ಲೆಕ್ಕದಲ್ಲಿ ಕೊಯಮತ್ತೂರಿನದು. 1929ರಲ್ಲಿ ರಾಜ್‌ಕುಮಾರ್ ಹುಟ್ಟಿದ ಗಾಜನೂರೂ ಅಂದಿನ ಕೊಯಮತ್ತೂರು ಜಿಲ್ಲೆಯ ಊರೇ. ಕೊಳ್ಳೇಗಾಲ ಈಚೆಗೆ ಬಂದಾಗ ಗಾಜನೂರು ಇರುವ ತಾಳವಾಡಿ ಪ್ರದೇಶ ಆಚೆ ಉಳಿಯಿತು. 1979ರಲ್ಲಿ ಈರೋಡು ಕೇಂದ್ರವಾಗಿ ಹೊಸ ಜಿಲ್ಲೆಯಾದಾಗ ಅದಕ್ಕೆ ಸೇರಿತು. 2009ರಲ್ಲಿ ತಿರುಪ್ಪೂರು ಬೇರೆ ಜಿಲ್ಲೆಯಾಯಿತು. ಗೆರೆಗಳು ಹೀಗೆ ಸರಿದಿವೆ. ಗೆರೆಯ ಈಚೆಗೆ ಬಂದ ಕನ್ನಡಕ್ಕೆ ಶಾಲೆ, ಪಠ್ಯಪುಸ್ತಕ, ವಿಶ್ವವಿದ್ಯಾಲಯ ದೊರೆತವು. ಆಚೆ ಬಯಲಿನ ನೇಕಾರರ ಮನೆಗಳಲ್ಲಿ ಉಳಿದ ಕನ್ನಡಕ್ಕೆ ಮನೆಯೇ ಶಾಲೆಯಾಯಿತು.

6. ವಿಜಯದಶಮಿಯ ದಿನ

ಶರತ್ತಿನ ಆರಂಭದಲ್ಲಿ ಈ ನಗರಕ್ಕೆ ಹೋಗಬೇಕೆನ್ನುವುದಕ್ಕೆ ಮುಖ್ಯ ಕಾರಣ ವಿಜಯದಶಮಿ. ಅಂದು ರಾಜವೀದಿಯ ರಾಮಲಿಂಗ ಚೌಡೇಶ್ವರಿ ದೇವಾಲಯಕ್ಕೆ ದೇವಾಂಗ ಸಮುದಾಯದವರ ಮೆರವಣಿಗೆ ಬರುತ್ತದೆ. ವೀರಕುಮಾರರೆಂದು ಕರೆಯಲಾಗುವ ಭಕ್ತರು ಕೈಯಲ್ಲಿ ಕತ್ತಿ ಹಿಡಿದು, ಎದೆ, ತೋಳುಗಳಿಗೆ ತಾಕಿಸಿಕೊಳ್ಳುತ್ತ, ದೇವಿಯನ್ನು ಕೂಗಿ ಕರೆಯುತ್ತ ಸಾಗುತ್ತಾರೆ. ಗಾಯಕ್ಕೆ ಅರಿಸಿನ ಹಚ್ಚುತ್ತಾರೆ. ಇದಕ್ಕೆ ಅಲಗುಸೇವೆ ಎಂದು ಹೆಸರು. ಕತ್ತಿಯ ಬಾಯಿಗೆ ‘ಅಲಗು’ ಎನ್ನುವುದು ಕನ್ನಡಕ್ಕೂ ತಮಿಳಿಗೂ ಸಮಾನ.

ದೇವಾಂಗರು ನೇಯ್ಗೆಯ ಸಮುದಾಯ. ಅವರಲ್ಲಿ ಕನ್ನಡ ಮಾತನಾಡುವವರೂ ಇದ್ದಾರೆ, ತೆಲುಗು ಮಾತನಾಡುವವರೂ ಇದ್ದಾರೆ. ದೇವತೆಗಳಿಗೆ ಬಟ್ಟೆ ನೇಯಲು ದೇವಲ ಮಹರ್ಷಿ ವಿಷ್ಣುವಿನ ನಾಭಿಕಮಲದ ದಂಟಿನಿಂದ ನೂಲು ತರುವಾಗ ಅಸುರರು ಅಡ್ಡಗಟ್ಟಿದರೆಂದೂ ಚೌಡೇಶ್ವರಿ ಪ್ರತ್ಯಕ್ಷಳಾಗಿ ಕಾಪಾಡಿದಳೆಂದೂ ಅವರ ಕುಲಪುರಾಣ ಹೇಳುತ್ತದೆ. ಕನ್ನಡ ವಚನಕಾರರಲ್ಲಿ ಮೊದಲಿಗನೆಂದು ಹೆಸರಾದ ಮುದನೂರಿನ ದಾಸಿಮಯ್ಯನೂ ನೇಕಾರ ಕಾಯಕದವನು. ವಚನದ ಪಾಠದಲ್ಲಿ ಬರುವ ಮಗ್ಗ ಕೊಯಮತ್ತೂರಿನ ಬೀದಿಯ ಮಗ್ಗಕ್ಕೆ ದೂರದ ನಂಟಲ್ಲ.

ಮೆರವಣಿಗೆಯಲ್ಲಿ ಕೇಳುವ ಕೂಗುಗಳಲ್ಲಿ ‘ತೀಸುಕೋ’ ಎಂಬ ಪದವಿದೆ. ಇದು ತೆಲುಗು, ‘ತೆಗೆದುಕೋ’ ಎಂದರ್ಥ. ಸುತ್ತಲಿನ ಪೇಟೆಯ ಭಾಷೆ ತಮಿಳು, ಅನೇಕರ ಮನೆಯ ಭಾಷೆ ಕನ್ನಡ, ದೇವಿಯನ್ನು ಕರೆಯುವ ಕೂಗು ತೆಲುಗು. ಒಂದು ಸಮುದಾಯಕ್ಕೆ ಒಂದೇ ಭಾಷೆ ಎಂಬ ಗಣತಿಯ ತಿಳಿವಳಿಕೆ ಇಲ್ಲಿ ಸಾಲದು. ದೇವಿಯ ಹೆಸರನ್ನು ನೋಡಿ: ಕನ್ನಡದ ಚೌಡೇಶ್ವರಿ ತಮಿಳಿನಲ್ಲಿ ಸೌಡೇಶ್ವರಿ ಎಂದು ಕೇಳಿಸುತ್ತಾಳೆ. ತಮಿಳು ಲಿಪಿಯಲ್ಲಿ ಚಕಾರದ ಅಕ್ಷರವೇ ಸಕಾರದ ಉಚ್ಚಾರಣೆಗೂ ಬಳಕೆಯಾಗುವುದು ಇದಕ್ಕೆ ಕಾರಣ.

ಕಾವ್ಯದ ಶರತ್ತಿಗೆ ವಿಜಯದಶಮಿಯ ಇನ್ನೊಂದು ನೆನಪೂ ಸೇರುತ್ತದೆ. ಬನ್ನಿ ವಿನಿಮಯ ಮಾಡುವ ಆ ಸಂಜೆ ಊರ ಎಲ್ಲೆ ದಾಟುವ ಆಚಾರಕ್ಕೆ ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಸೀಮೋಲ್ಲಂಘನವೆಂದೇ ಹೆಸರು. ಅರಸರಿಗೆ ಅದು ದಂಡಯಾತ್ರೆಯ ಮುಹೂರ್ತವಾಗಿತ್ತು. ವಿದ್ಯಾರ್ಥಿಗೆ ಅದು ಕೇಳಿಸಿಕೊಳ್ಳುವ ಯಾತ್ರೆಯ ಮುಹೂರ್ತವಾಗಬಹುದು.

7. ಅಕ್ಷರವಿಲ್ಲದ ಮನೆಮಾತು

ಈ ಪಾಠದಲ್ಲಿ ನಿಜವಾಗಿ ಪಣಕ್ಕಿರುವ ಸಂಗತಿ ಇದು. ಮನೆಯಲ್ಲಿ ಕನ್ನಡ ಆಡುವ ಮಗು ಶಾಲೆಯಲ್ಲಿ ತಮಿಳನ್ನೋ ಇಂಗ್ಲಿಷನ್ನೋ ಓದುತ್ತದೆ. ಅಜ್ಜಿಯ ಮಾತು ಅದಕ್ಕೆ ಅರ್ಥವಾಗುತ್ತದೆ. ಕನ್ನಡದ ಫಲಕ ಅರ್ಥವಾಗುವುದಿಲ್ಲ. ಮನೆಮಾತನ್ನು ಬರೆಯಬೇಕೆನಿಸಿದಾಗ ಕೈಗೆ ಬರುವುದು ತಮಿಳು ಲಿಪಿ. ಆ ಲಿಪಿಯಲ್ಲಿ ಕಕಾರ ಗಕಾರಗಳಿಗೆ ಒಂದೇ ಅಕ್ಷರವಿರುವುದರಿಂದ ‘ಕಂಡ’, ‘ಗಂಡ’ ಎರಡನ್ನೂ ಒಂದೇ ರೀತಿ ಬರೆಯಬೇಕಾಗುತ್ತದೆ. ತಮಿಳಿಗೆ ತಕ್ಕ ಆ ಲಿಪಿಯಲ್ಲಿ ದೋಷವೇನೂ ಇಲ್ಲ. ಅದು ಕನ್ನಡಕ್ಕಾಗಿ ಹೊಲಿದ ಅಂಗಿಯಲ್ಲ, ಅಷ್ಟೆ.

ಹಾಗೆಂದು ಆ ಮಾತು ಕೆಟ್ಟ ಕನ್ನಡವಲ್ಲ. ಹೊರಗಿನಿಂದ ಬಂದ ಕನ್ನಡಿಗ ಮಾಡುವ ಸಾಮಾನ್ಯ ತಪ್ಪು, ಎರಡು ವಾಕ್ಯ ಕೇಳಿದೊಡನೆ ‘ತಮಿಳು ಬೆರೆತ ಕನ್ನಡ’ ಎಂದು ನಗುವುದು. ಬೆಳಗಾವಿ, ಸೊಲ್ಲಾಪುರಗಳ ಕನ್ನಡದಲ್ಲಿ ಮರಾಠಿ ಬೆರೆತಿದೆ. ಕಾಸರಗೋಡಿನ ಕನ್ನಡಕ್ಕೆ ತುಳು, ಮಲಯಾಳಗಳ ಸೋಂಕಿದೆ. ಬೆಂಗಳೂರಿನ ಕನ್ನಡದಲ್ಲಿ ಇಂಗ್ಲಿಷ್ ಎಷ್ಟೆಂಬುದನ್ನು ಹೇಳಬೇಕಾಗಿಲ್ಲ. ಬೆರಕೆ ಎಂಬುದು ಬದುಕಿನ ಗುರುತು. ನಕ್ಕವನ ಮುಂದೆ ಮನೆಮಾತನ್ನಾಡುವವರು ಮರುಗಳಿಗೆಯೇ ತಮಿಳಿಗೆ ಹೊರಳುತ್ತಾರೆ. ಒಂದು ನಗು ಒಂದು ಸಂದರ್ಶನವನ್ನು ಮುಗಿಸಿಬಿಡುತ್ತದೆ.

ಬದಲಾಗಿ ಕೇಳಬೇಕಾದ ಪ್ರಶ್ನೆಗಳು ಬೇರೆ. ಆ ಮನೆಗಳಲ್ಲಿ ಹಾಲು ಎನ್ನುತ್ತಾರೆಯೋ ಪಾಲು ಎನ್ನುತ್ತಾರೆಯೋ? ಹಕಾರ ಕೇಳಿಸಿದರೆ, ಪಕಾರ ಹಕಾರವಾದ ಬದಲಾವಣೆ ಕನ್ನಡದಲ್ಲಿ ನೆಲೆಗೊಂಡ ಬಳಿಕ ಈ ಕವಲು ಬೇರೆಯಾಯಿತೆಂದು ಊಹಿಸಲು ಒಂದು ಆಧಾರ ಸಿಗುತ್ತದೆ. ಪಕ್ಕದ ನೀಲಗಿರಿಯ ಬಡಗ ಭಾಷೆಯಲ್ಲಿ ಊರಿಗೆ ‘ಹಟ್ಟಿ’ ಎನ್ನುವುದನ್ನು ಇದರೊಡನೆ ಇಟ್ಟು ನೋಡಬಹುದು. ಇನ್ನೊಂದು ಕ್ಷೇತ್ರ ಕಸುಬಿನ ಪದಗಳದು. ಮಗ್ಗ, ಲಾಳಿ, ಹಾಸು, ಹೊಕ್ಕು ಕನ್ನಡ ನೇಕಾರರ ಪದಗಳು. ಮಗ್ಗಕ್ಕೆ ತಱಿ, ಹಾಸಿಗೆ ಪಾವು, ಹೊಕ್ಕಿಗೆ ಊಡೈ ಎನ್ನುವುದು ತಮಿಳು. ಉದ್ದನೆಯ ನೂಲು ಹಾಸು, ಅಡ್ಡನೆಯ ನೂಲು ಹೊಕ್ಕು. ‘ಹಾಸುಹೊಕ್ಕು’ ಎಂಬ ನುಡಿಗಟ್ಟನ್ನು ವಿಮರ್ಶೆಯ ಉತ್ತರಗಳಲ್ಲಿ ಧಾರಾಳವಾಗಿ ಬಳಸುವ ವಿದ್ಯಾರ್ಥಿ ಅದನ್ನು ಒಮ್ಮೆ ಮಗ್ಗದ ಮೇಲೆ ನೋಡಿ ಬರುವುದು ಒಳ್ಳೆಯದು. ಮೇಟ್ಟುಪಾಳಯದ ಹತ್ತಿರದ ಸಿರುಮುಗೈ ರೇಷ್ಮೆ ನೇಯ್ಗೆಗೆ ಹೆಸರಾದ ಊರು. ಕನ್ನಡ ಮನೆಮಾತಿನ ದೇವಾಂಗರು ಅಲ್ಲಿಯೂ ಇದ್ದಾರೆ. ಕೈಮಗ್ಗ ನಿಂತು ಮಕ್ಕಳು ಬೇರೆ ಉದ್ಯೋಗಕ್ಕೆ ಹೋದಾಗ ಬಟ್ಟೆಯೊಡನೆ ಪದವೂ ಹೋಗುತ್ತದೆ. ಕಸುಬಿನ ಪದಕೋಶವನ್ನು ಸಂಗ್ರಹಿಸುವ ಕೆಲಸ ಆದ್ದರಿಂದ ಮುಂದೂಡುವಂಥದ್ದಲ್ಲ.

ತಿರುಪ್ಪೂರಿನ ಪಾಠ ಇದಕ್ಕೆ ಹೊಂದಿಕೊಂಡಿದೆ. ಧ್ವಜವನ್ನು ಕೈಬಿಡದೆ 1932ರ ಜನವರಿಯಲ್ಲಿ ಪ್ರಾಣ ನೀಗಿದ ತಿರುಪ್ಪೂರು ಕುಮಾರನ್ ನೇಕಾರ ಮನೆತನದವನು. ಅದೇ ಊರು ಮುಂದೆ ಹೆಣೆದ ಉಡುಪುಗಳ ರಫ್ತಿಗೆ ಲೋಕಪ್ರಸಿದ್ಧವಾಯಿತು. ಬಣ್ಣ ಹಾಕುವ ಘಟಕಗಳ ಕೊಳೆನೀರಿನಿಂದ ನೊಯ್ಯಲ್ ಕೆಟ್ಟಿತು. 2011ರಲ್ಲಿ ಆ ಘಟಕಗಳನ್ನು ಮುಚ್ಚುವಂತೆ ಮದರಾಸು ಉಚ್ಚನ್ಯಾಯಾಲಯ ಆದೇಶಿಸಿತು. ಯೂರೋಪಿನ ನಗರದ ಅಂಗಡಿಯಲ್ಲಿ ಕನ್ನಡ ಪ್ರವಾಸಿ ಕೊಳ್ಳುವ ಅಂಗಿ ತಿರುಪ್ಪೂರಿನದಾಗಿರುವ ಸಾಧ್ಯತೆ ಇದ್ದೇ ಇದೆ. ಅಲ್ಲಿಯ ನದಿಯ ಸ್ವಚ್ಛತೆಯನ್ನು ಹೊಗಳುವಾಗ ಈ ನದಿಯನ್ನು ನೆನೆಯದ ಪ್ರವಾಸಕಥನ ಅರ್ಧಸತ್ಯ.

8. ಬರೆಯುವವರಿಗೆ

ಹೇಳಿದ್ದನ್ನು ಒಟ್ಟುಗೂಡಿಸಿದರೆ ಪ್ರವಾಸಕಥನಕ್ಕೆ ಬೇಕಾದ ಗುಣಗಳು ನಾಲ್ಕು. ಮೊದಲನೆಯದು, ಋತುವನ್ನೂ ಊರನ್ನೂ ಪರಂಪರೆಯ ಪದಗಳಿಂದ ಮುಚ್ಚದೆ ಕಂಡಂತೆ ಹೇಳುವುದು. ಎರಡನೆಯದು, ತಾನು ಯಾವ ಉದ್ದೇಶದಿಂದ ಬಂದೆನೆಂಬುದನ್ನು ಮರೆಯದಿರುವುದು. ಮೂರನೆಯದು, ನಂಟನ್ನು ಗುರುತಿಸುವುದು, ಒಡೆತನ ಸ್ಥಾಪಿಸದಿರುವುದು. ಕೊಯಮತ್ತೂರು ತಮಿಳು ನಗರ. ಅದರಲ್ಲಿ ತೆಲುಗು, ಕನ್ನಡ, ಮಲಯಾಳಗಳ ಮನೆಗಳಿವೆ. ಈ ಎರಡು ಮಾತುಗಳಲ್ಲಿ ಯಾವುದನ್ನು ಬಿಟ್ಟರೂ ಚಿತ್ರ ಸುಳ್ಳಾಗುತ್ತದೆ. ನಾಲ್ಕನೆಯದು, ಆಡುವವರ ಮಾತಿಗೆ ಗೌರವ.

ಯೂರೋಪಿಗೆ ಹೋಗಿ ಬಂದ ನಮ್ಮ ಹಿರಿಯರ ಕಥನಗಳ ಮೌಲ್ಯ ಇದರಿಂದ ಕಡಿಮೆಯಾಗುವುದಿಲ್ಲ. ಅಪೂರ್ವವನ್ನು ನೋಡುವ ಕಣ್ಣನ್ನು ಅವರು ನಮಗೆ ಕೊಟ್ಟರು. ಆ ಕಣ್ಣನ್ನು ಮುಂದಿನ ಆಶ್ವಯುಜದಲ್ಲಿ ರಾಜವೀದಿಯ ಕಡೆಗೂ ಹೊರಳಿಸುವುದು ಈ ವರ್ಷದ ವಿದ್ಯಾರ್ಥಿಗಳಿಗೆ ಉಳಿದ ಕೆಲಸ.

ಅಭ್ಯಾಸಕ್ಕೆ

1. ‘ಶರತ್ತು’ ಎಂಬ ಪದ ಕಾವ್ಯಪರಂಪರೆಯಲ್ಲಿ, ಯೂರೋಪ್ ಪ್ರವಾಸಕಥನದಲ್ಲಿ, ಕೊಯಮತ್ತೂರಿನ ಹವೆಯಲ್ಲಿ ಪಡೆಯುವ ಮೂರು ಅರ್ಥಗಳನ್ನು ಹೋಲಿಸಿ.

2. ‘ಪ್ರವಾಸಿಯ ಉದ್ದೇಶವೇ ಅವನ ನೋಟದ ಎಲ್ಲೆ’: ನೀವು ಓದಿದ ಯಾವುದಾದರೂ ಎರಡು ಪ್ರವಾಸಕಥನಗಳ ಆಧಾರದಿಂದ ಚರ್ಚಿಸಿ.

3. ಪಕಾರ-ಹಕಾರ ಮತ್ತು ವಕಾರ-ಬಕಾರ ನಿಯಮಗಳಿಗೆ ತಲಾ ಐದು ಹೊಸ ಉದಾಹರಣೆಗಳನ್ನು ಊರ ಹೆಸರುಗಳಿಂದ ಆರಿಸಿ. ಸಮಾನಮೂಲ ಮತ್ತು ಎರವಲು ಇವುಗಳ ವ್ಯತ್ಯಾಸವನ್ನು ವಿವರಿಸಿ.

4. ನಿಮ್ಮ ಊರಿನ ಒಂದು ಕಸುಬನ್ನು ಆರಿಸಿಕೊಂಡು, ಆ ಕಸುಬಿನವರ ಬಾಯಿಂದಲೇ ಕೇಳಿದ ಐವತ್ತು ಪದಗಳ ಪಟ್ಟಿಯನ್ನು ಸಿದ್ಧಪಡಿಸಿ. ಪ್ರತಿ ಪದದ ಮುಂದೆ ಕೇಳಿದ ಉಚ್ಚಾರಣೆಯನ್ನು ತಿದ್ದದೆ ಬರೆಯಿರಿ.

5. ಕರ್ನಾಟಕದ ಹೊರಗಿರುವ ಒಂದು ಕನ್ನಡ ಮನೆಯ ಮಗುವಿಗೆ ಕನ್ನಡ ಅಕ್ಷರ ಕಲಿಸಲು ಹತ್ತು ಪಾಠಗಳ ಯೋಜನೆಯನ್ನು ರೂಪಿಸಿ. ಮೊದಲ ಪಾಠದ ಪದಗಳನ್ನು ಆ ಮನೆಯ ಮಾತಿನಿಂದಲೇ ಆರಿಸಿಕೊಳ್ಳಿ.